ಭಾರವನ್ನೆಳೆಯುವ ಯಂತ್ರವೂ ಗೇರಿನ ಆಯ್ಕೆಯೂ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಹಗಲೆನ್ನದೆ ಇರುಳೆನ್ನದೆ, ಕಬ್ಬು ಹೇರಿದ ಎರಡೆರಡು ಟ್ರಾಲಿಗಳನ್ನು ಹಿಂದೆ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗಳತ್ತ ಸಾಲುಗಟ್ಟಿ ಸಾಗುತ್ತವೆ. ಭೋಜ ಗ್ರಾಮದ ಆಸುಪಾಸಿನ ನಾಡು ದೂಧಗಂಗಾ, ವೇದಗಂಗಾ ನದಿಗಳ ನಾಡು. ಇಲ್ಲಿ ಹೊಳೆಯನ್ನು ದಾಟುವುದೆಂದರೆ ಅನೇಕ ಕಡೆಗಳಲ್ಲಿ ದಂಡೆಯಿಂದ ಕೆಳಗಿಳಿದು, ಮಹಾಪೂರದಲ್ಲಿ ಮುಳುಗುವಂತಹ ತಗ್ಗಿನ ಸೇತುವೆಯನ್ನು ಹಾಯ್ದು, ಎದುರಿನ ದಂಡೆಯನ್ನು ಏರುವುದೇ ಆಗಿದೆ. ನಿಪ್ಪಾಣಿಯಿಂದ ಬೆಳಗಾವಿಯ ಕಡೆಗೆ ಹೆದ್ದಾರಿಯನ್ನು ಹಿಡಿದವರಿಗಂತೂ ತವಂದಿ ಘಾಟು ಎದುರಾಗುತ್ತದೆ.

ಒಮ್ಮೆ ನಾವು ತರಗತಿಯಲ್ಲಿ ಇಳಿಜಾರು ಸಮತಲದ ಪಾಠವನ್ನು ಮುಗಿಸಿ ಲೆಕ್ಕ ಕೊಡುತ್ತಿದ್ದಾಗ, ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ನಮ್ಮ ಕಾಕಾ ಇಳಿಜಾರ ಬಂದ್ರ ನ್ಯೂಟ್ರಲ್ ಮಾಡ್ತಾರ್ರೀ. ಡೀಸೆಲ್ ಉಳಿತೈತಿ ಅಂತಾರ್ರೀ. ಖರೇನ ಉಳಿತೈತೇನ್ರೀ?” ಎಂದು ಕೇಳಿದನು. ತರಗತಿಯು ನಕ್ಕಿತು. ಆದರೆ ಆ ದಿನ ನಾವು ಕೊಟ್ಟ ಲೆಕ್ಕಗಳಿಗಿಂತ ಆ ಪ್ರಶ್ನೆಯೇ ಉತ್ತಮವಾದ ಲೆಕ್ಕವಾಗಿತ್ತೆಂಬುದು ಬಳಿಕ ನಮಗೆ ಹೊಳೆಯಿತು. ಭಾರವನ್ನೆಳೆಯುವ ವಾಹನದ ಗೇರನ್ನು ನಿರ್ಣಯಿಸಬೇಕಾದದ್ದು ಹಿಂದಿರುವ ಭಾರ ಮತ್ತು ಮುಂದಿರುವ ದಾರಿ. ಅವಸರವೂ ಅಲ್ಲ, ಡೀಸೆಲಿನ ಬೆಲೆಯೂ ಅಲ್ಲ. ಆ ನಿರ್ಣಯವು ಇಳಿಜಾರಿಗೆ ಕಾಲಿಡುವ ಮೊದಲೇ ಆಗಬೇಕು. ನಮ್ಮ ಅಭಿಪ್ರಾಯ ಇಷ್ಟೇ. ಇದನ್ನು ಸಂಖ್ಯೆಗಳಿಂದ ಪರೀಕ್ಷಿಸಿ ನೋಡೋಣ.

ಗೇರು ಎಂಬುದು ಶಕ್ತಿಯನ್ನು ಹುಟ್ಟಿಸುವ ಸಾಧನವಲ್ಲ. ಅದು ಸನ್ನೆಗೋಲಿನ ಬಂಧು. ಎಂಜಿನ್ನು ಒಂದು ಸೆಕೆಂಡಿಗೆ ಮಾಡಬಲ್ಲ ಕೆಲಸಕ್ಕೆ ಒಂದು ಮಿತಿಯುಂಟು. ಆ ಕೆಲಸವು ಎಳೆಯುವ ಬಲ ಮತ್ತು ವೇಗಗಳ ಗುಣಲಬ್ಧ. ಬಲ ಹೆಚ್ಚಬೇಕಾದರೆ ವೇಗವನ್ನು ಬಿಟ್ಟುಕೊಡಬೇಕು. ವೇಗ ಬೇಕಾದರೆ ಬಲವನ್ನು ಬಿಟ್ಟುಕೊಡಬೇಕು. ಈ ವ್ಯಾಪಾರವನ್ನು ನಡೆಸಿಕೊಡುವುದೇ ಗೇರುಪೆಟ್ಟಿಗೆ. ನಮ್ಮ ರೈತರು ಬಳಸುವ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಮುಂದಕ್ಕೆ 8, ಹಿಂದಕ್ಕೆ 2 ಗೇರುಗಳಿರುವುದು ಈ ಕಾರಣಕ್ಕಾಗಿಯೇ.

ಲೆಕ್ಕಕ್ಕಾಗಿ ಟ್ರ್ಯಾಕ್ಟರು, ಟ್ರಾಲಿಗಳು, ಕಬ್ಬು ಎಲ್ಲವೂ ಸೇರಿ 20 ಟನ್ನು ತೂಕವೆಂದೂ, 20 ಮೀಟರು ಸಾಗಿದರೆ 1 ಮೀಟರು ಏರುವ ರಸ್ತೆಯೆಂದೂ ಇಟ್ಟುಕೊಳ್ಳೋಣ. ಭೂಮಿಯ ಆಕರ್ಷಣೆಯು ಈ ಸಾಲನ್ನು ರಸ್ತೆಯ ಗುಂಟ ಹಿಂದಕ್ಕೆ ಜಗ್ಗುವ ಬಲ ತೂಕದ ಇಪ್ಪತ್ತನೆಯ ಒಂದು ಪಾಲು, ಅಂದರೆ 1 ಟನ್ನು ತೂಕದಷ್ಟು. ಗಾಲಿಗಳ ಉರುಳುವಿಕೆಗೆ ರಸ್ತೆಯು ಒಡ್ಡುವ ತಡೆಯನ್ನು ತೂಕದ ನೂರಕ್ಕೆ 2ರಷ್ಟೆಂದು ಹಿಡಿದರೆ ಮತ್ತೆ 400 ಕಿಲೋ. ಒಟ್ಟು 1,400 ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕಾಯಿತು. ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಇದನ್ನು ಸಾಧಿಸಲು ಗಾಲಿಗಳಲ್ಲಿಯೇ ಸುಮಾರು 51 ಅಶ್ವಶಕ್ತಿ ಬೇಕು. 50 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಇದು ಆಗದ ಮಾತು. ಗಂಟೆಗೆ 6 ಕಿಲೋಮೀಟರಿನಲ್ಲಾದರೆ ಸುಮಾರು 31 ಅಶ್ವಶಕ್ತಿ ಸಾಕು. ಆದ್ದರಿಂದ ಏರಿನಲ್ಲಿ ಕೆಳಗಿನ ಗೇರು ಅನಿವಾರ್ಯ.

ಇಷ್ಟನ್ನು ಚಾಲಕರು ಅನುಭವದಿಂದಲೇ ಬಲ್ಲರು. ಆದರೆ ಗೇರನ್ನು ಬದಲಿಸಬೇಕಾದ ಸಮಯದ ವಿಷಯದಲ್ಲಿ ಎಡವುವುದುಂಟು. ಏರಿನ ನಡುವೆ ಎಂಜಿನ್ನು ಸೋಲುತ್ತಿರುವುದನ್ನು ಕಂಡು ಕ್ಲಚ್ಚನ್ನು ಒತ್ತಿದರೆ ಎಳೆಯುವ ಬಲವು ಆ ಕ್ಷಣದಲ್ಲಿಯೇ ಇಲ್ಲವಾಗುತ್ತದೆ. ಗಂಟೆಗೆ 6 ಕಿಲೋಮೀಟರಿನಲ್ಲಿ ಏರುತ್ತಿದ್ದ ನಮ್ಮ ಸಾಲು ಎರಡೂವರೆ ಸೆಕೆಂಡಿಗೆ ಮೊದಲೇ ನಿಂತು, ಹಿಂದಕ್ಕೆ ಉರುಳಲು ಸಿದ್ಧವಾಗುತ್ತದೆ. ಹೊಸ ಗೇರನ್ನು ಹುಡುಕಲು ದೊರೆಯುವ ಅವಕಾಶ ಅಷ್ಟೇ. ಏರಿನ ಬುಡದಲ್ಲಿಯೇ ತಕ್ಕ ಗೇರನ್ನು ಹಾಕಿಕೊಂಡವನಿಗೆ ಈ ಸಂಕಟವಿಲ್ಲ.

ಈಗ ಇಳಿಜಾರಿನ ಮಾತು. ಅದೇ ರಸ್ತೆಯನ್ನು 1 ಕಿಲೋಮೀಟರು ಇಳಿದರೆ 20 ಟನ್ನು ಭಾರವು 50 ಮೀಟರು ಕೆಳಗೆ ಬಂದಂತಾಯಿತು. ಎತ್ತರದಲ್ಲಿ ಅಡಗಿದ್ದ ಶಕ್ತಿಯು ಎಲ್ಲಿಗೋ ಹೋಗಲೇಬೇಕು. ಗಾಲಿಗಳ ತಡೆಯು ನುಂಗಿದ ಪಾಲನ್ನು ಕಳೆದರೂ ಉಳಿಯುವ ಶಕ್ತಿಯು ಸುಮಾರು 20 ಲೀಟರು ನೀರನ್ನು 30 ಡಿಗ್ರಿಯಿಂದ ಕುದಿಯುವ ಬಿಂದುವಿನವರೆಗೆ ಕಾಯಿಸುವಷ್ಟು. ವೇಗವು ಹೆಚ್ಚದಂತೆ ಇಳಿಯಬೇಕಾದರೆ ಈ ಶಕ್ತಿಯೆಲ್ಲವೂ ಶಾಖವಾಗಿ ಹೊರಹೋಗಬೇಕು. ನಿಧಾನವಾಗಿ ಇಳಿದರೂ ಬೇಗನೆ ಇಳಿದರೂ ಶಾಖದ ಮೊತ್ತ ಅಷ್ಟೇ. ಆದರೆ ಅದು ಹೊರಬೀಳುವ ದರ ಒಂದೇ ಅಲ್ಲ. ಗಂಟೆಗೆ 6 ಕಿಲೋಮೀಟರಿನಲ್ಲಿ ಇಳಿಯುವಾಗ ಸುಮಾರು 13 ಅಶ್ವಶಕ್ತಿಯಷ್ಟನ್ನು ಅರಗಿಸಿದರೆ ಸಾಕು. ಗಂಟೆಗೆ 30 ಕಿಲೋಮೀಟರಿನಲ್ಲಿ ಇಳಿಯುವಾಗ 65 ಅಶ್ವಶಕ್ತಿಯನ್ನು ಮೀರಿದ್ದನ್ನು ಅರಗಿಸಬೇಕು. ಅಂದರೆ ಎಂಜಿನ್ನು ತನ್ನ ಸಮಸ್ತ ಬಲದಿಂದ ಎಳೆಯಬಲ್ಲುದಕ್ಕಿಂತ ಹೆಚ್ಚಿನದನ್ನು ಬ್ರೇಕುಗಳು ತಡೆಯಬೇಕಾಗುತ್ತದೆ.

ಕೆಳಗಿನ ಗೇರು ಇಲ್ಲಿ ಮಾಡುವ ಉಪಕಾರವೇನು? ಆಗ ಗಾಲಿಗಳು ಎಂಜಿನ್ನನ್ನು ತಿರುಗಿಸುತ್ತವೆ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ನು ಅನೇಕ ಸುತ್ತು ತಿರುಗಬೇಕಾಗುವುದರಿಂದ ಅದರೊಳಗಿನ ಘರ್ಷಣೆಯೇ ದೊಡ್ಡ ತಡೆಯಾಗಿ ನಿಲ್ಲುತ್ತದೆ. ಶಾಖದ ದೊಡ್ಡ ಪಾಲು ಬ್ರೇಕುಗಳನ್ನು ಮುಟ್ಟದೆ ರೇಡಿಯೇಟರಿನ ನೀರಿನಿಂದಲೂ ಹೊಗೆಕೊಳವೆಯಿಂದಲೂ ಹೊರಹೋಗುತ್ತದೆ. ಬ್ರೇಕು ತಣ್ಣಗಿದ್ದು, ನಿಜವಾಗಿ ನಿಲ್ಲಿಸಬೇಕಾದ ಗಳಿಗೆಗೆ ಸಿದ್ಧವಾಗಿರುತ್ತದೆ.

ನ್ಯೂಟ್ರಲ್ ಮಾಡಿದವನು ಈ ಆಸರೆಯನ್ನು ತಾನಾಗಿ ಕಳಚಿಕೊಳ್ಳುತ್ತಾನೆ. ಇಳಿಯುವಾಗ ಕ್ಲಚ್ಚನ್ನು ಒತ್ತಿಹಿಡಿಯುವುದೂ ಇದಕ್ಕೆ ಸಮಾನವೇ. ನಮ್ಮ ಉದಾಹರಣೆಯ ಸಾಲು ಗಂಟೆಗೆ 10 ಕಿಲೋಮೀಟರಿನಲ್ಲಿರುವಾಗ ನ್ಯೂಟ್ರಲ್ ಮಾಡಿ ಬ್ರೇಕು ಮುಟ್ಟದೆ ಬಿಟ್ಟರೆ, 200 ಮೀಟರು ಸಾಗುವಷ್ಟರಲ್ಲಿ, ಅರ್ಧ ನಿಮಿಷವೂ ಕಳೆಯದೆ, ವೇಗವು ಗಂಟೆಗೆ 40 ಕಿಲೋಮೀಟರು ಆಗುತ್ತದೆ. ವೇಗವು ನಾಲ್ಕು ಪಟ್ಟಾದರೆ ಚಲನಶಕ್ತಿಯು ಹದಿನಾರು ಪಟ್ಟು. ಆಗ ಭಯಗೊಂಡು ಮತ್ತೆ ಹಳೆಯ ಗೇರನ್ನು ಹಾಕಲು ಹೋದರೆ ಅದು ಕೂಡದು. ಎಂಜಿನ್ನು ಮೊದಲಿನ ನಾಲ್ಕು ಪಟ್ಟು ವೇಗದಿಂದ ತಿರುಗಿದರೆ ಮಾತ್ರ ಆ ಹಲ್ಲುಗಳು ಹೊಂದಿಕೊಳ್ಳಬಲ್ಲವು.

ಉಳಿದದ್ದು ಬ್ರೇಕು ಮಾತ್ರ. ಎಷ್ಟೋ ಟ್ರಾಲಿಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಇಡೀ ಸಾಲನ್ನು ತಡೆಯುವ ಹೊಣೆ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ಮೇಲೆ ಬೀಳುತ್ತದೆ. ಟ್ರ್ಯಾಕ್ಟರು ನಿಧಾನವಾಗಬೇಕೆಂದಾಗ ಟ್ರಾಲಿಗಳು ಹಿಂದಿನಿಂದ ನೂಕುತ್ತವೆ. ನೂಕು ಸ್ವಲ್ಪ ಓರೆಯಾದರೂ ಟ್ರ್ಯಾಕ್ಟರು ರಸ್ತೆಗೆ ಅಡ್ಡವಾಗಿ ತಿರುಗಿ ಮಗುಚಬಹುದು. ಇನ್ನೊಂದು ಅಪಾಯವೂ ಉಂಟು. ಹೊಲದಲ್ಲಿ ಚಿಕ್ಕ ಜಾಗದೊಳಗೆ ತಿರುಗಿಸಲೆಂದು ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಪ್ರತ್ಯೇಕ ಬ್ರೇಕಿನ ಪೆಡಲುಗಳನ್ನು ಇಟ್ಟಿರುತ್ತಾರೆ. ರಸ್ತೆಗೆ ಬಂದೊಡನೆ ಅವೆರಡನ್ನೂ ಕೊಂಡಿಯಿಂದ ಜೋಡಿಸಬೇಕು. ಮರೆತವನು ಅವಸರದಲ್ಲಿ ಒಂದನ್ನೇ ತುಳಿದರೆ ಬ್ರೇಕೇ ವಾಹನವನ್ನು ಅಡ್ಡಹಾಯಿಸುತ್ತದೆ.

ಇನ್ನು ನಮ್ಮ ವಿದ್ಯಾರ್ಥಿಯ ಪ್ರಶ್ನೆ. ಡೀಸೆಲು ಉಳಿಯುವುದೇ? ನ್ಯೂಟ್ರಲ್‌ನಲ್ಲಿ ಎಂಜಿನ್ನು ನಿಂತಿಲ್ಲ. ತನ್ನನ್ನು ತಾನು ತಿರುಗಿಸಿಕೊಳ್ಳಲು ಎಣ್ಣೆಯನ್ನು ಉರಿಸುತ್ತಲೇ ಇರುತ್ತದೆ. ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗಲಾದರೋ ಎಂಜಿನ್ನನ್ನು ತಿರುಗಿಸುವ ಕೆಲಸವನ್ನು ಗಾಲಿಗಳೇ ಮಾಡುತ್ತವೆ. ನಿಗದಿಯಾದ ವೇಗವನ್ನು ಎಂಜಿನ್ನು ಮೀರಿತೆಂದು ಅರಿತ ಗವರ್ನರು ಡೀಸೆಲನ್ನು ತಡೆದುಬಿಡುತ್ತದೆ. ಹೀಗಾಗಿ ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದವನಿಗೆ ಆಗುವುದು ಖರ್ಚು, ಉಳಿತಾಯವಲ್ಲ. ಬ್ರೇಕೇ ಬೇಕಾಗದಂತಹ ನಸು ಇಳಿಜಾರಿನಲ್ಲಿ ಗೇರಿಲ್ಲದ ವಾಹನವು ತುಸು ಹೆಚ್ಚು ದೂರ ಉರುಳುವುದು ನಿಜ. ಆದರೆ ಖಾಲಿ ತಿರುಗುವ ಎಂಜಿನ್ನು ಗಂಟೆಗೆ ಒಂದು ಲೀಟರನ್ನು ಉರಿಸುತ್ತದೆಂದು ಹಿಡಿದರೂ, ಆರು ನಿಮಿಷದ ಇಳಿತದಲ್ಲಿ ಚರ್ಚೆಗಿರುವ ಡೀಸೆಲು 100 ಮಿಲಿಲೀಟರನ್ನು ದಾಟದು. ಎಂಜಿನ್ನನ್ನೇ ಆರಿಸಿ ಇಳಿಯುವ ಸಾಹಸಿಗಳೂ ಇದ್ದಾರೆ. ಅವರಿಗೆ ಪವರ್ ಸ್ಟಿಯರಿಂಗಿನ ನೆರವೂ ತಪ್ಪಿಹೋಗುತ್ತದೆ.

ಚಾಲಕರ ಪಕ್ಷದಲ್ಲಿ ಇನ್ನೊಂದು ವಾದವುಂಟು: ಇಳಿಯುವಾಗ ಗಳಿಸಿದ ವೇಗವು ಎದುರಿನ ದಂಡೆಯನ್ನು ಏರಲು ಬಂಡವಾಳವಾಗುತ್ತದೆ ಎಂಬುದು. ಶಕ್ತಿಯ ಸಂರಕ್ಷಣೆಯ ನಿಯಮದಂತೆ ಇದರಲ್ಲಿ ಸತ್ಯಾಂಶವಿದೆ. ಆದರೆ ಆ ಬಂಡವಾಳವೆಷ್ಟು? ಗಂಟೆಗೆ 40 ಕಿಲೋಮೀಟರು ವೇಗವು ನಮ್ಮ ಸಾಲನ್ನು ಎದುರಿನ ಅಂತಹುದೇ ಏರಿನಲ್ಲಿ ಸುಮಾರು 90 ಮೀಟರು ಮಾತ್ರ ಒಯ್ಯುತ್ತದೆ. ಬಳಿಕ ಏರಿನ ನಡುವೆ, ಗೇರಿಲ್ಲದೆ, 20 ಟನ್ನು ಭಾರದೊಡನೆ ನಿಲ್ಲಬೇಕು. ಅಷ್ಟಕ್ಕಾಗಿ ಇಕ್ಕಟ್ಟಾದ ಸೇತುವೆಯ ಮೇಲೆ, ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿರುವ ಶಾಲೆಯ ಹುಡುಗರ ಪಕ್ಕದಲ್ಲಿ, ಆ ವೇಗದಿಂದ ಹಾಯಬೇಕು.

ಇದು ಟ್ರ್ಯಾಕ್ಟರಿಗೆ ಮಾತ್ರ ಅನ್ವಯಿಸುವ ನಿಯಮವೆಂದು ತಿಳಿಯಬಾರದು. ಅಮೆರಿಕದಂತಹ ದೇಶಗಳಲ್ಲಿ ರಜೆಯ ದಿನಗಳಲ್ಲಿ ಗಾಲಿಗಳ ಮೇಲಿನ ಪುಟ್ಟ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಪದ್ಧತಿಯುಂಟು. ಅಲ್ಲಿ ಗೇರನ್ನು ತಾನಾಗಿ ಬದಲಿಸುವ ವಾಹನಗಳೇ ಹೆಚ್ಚು. ಭಾರ ಹಿಂದಿದ್ದಾಗ ಅಂತಹ ಗೇರುಪೆಟ್ಟಿಗೆಯು ಮೇಲಿನ ಗೇರಿಗೂ ಕೆಳಗಿನ ಗೇರಿಗೂ ಪದೇ ಪದೇ ಹೊಯ್ದಾಡಿ ತನ್ನ ಎಣ್ಣೆಯನ್ನು ಕಾಯಿಸಿಕೊಳ್ಳುತ್ತದೆ. ಆದ್ದರಿಂದ ಅನೇಕ ವಾಹನಗಳಲ್ಲಿ ಭಾರ ಎಳೆಯುವಾಗ ಒತ್ತಲೆಂದೇ ಒಂದು ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಪೆಟ್ಟಿಗೆಯು ಮೇಲಿನ ಗೇರಿಗೆ ಬೇಗನೆ ಜಾರದು. ಇಳಿಜಾರಿನಲ್ಲಿ ಕೆಳಗಿನ ಗೇರನ್ನು ಹಿಡಿದುಕೊಳ್ಳುತ್ತದೆ. ಯಂತ್ರಕ್ಕೆ ಮುಂದಿನ ರಸ್ತೆ ಕಾಣದು. ಗುಂಡಿಯನ್ನು ಒತ್ತಬೇಕಾದವನು ಮನುಷ್ಯನೇ.

ಹಳೆಯ ಲಾರಿ ಚಾಲಕರಲ್ಲಿ, ಯಾವ ಗೇರಿನಲ್ಲಿ ಏರುವೆಯೋ ಆ ಗೇರಿನಲ್ಲಿಯೇ ಇಳಿ ಎಂಬ ಮಾತು ರೂಢಿಯಲ್ಲಿದೆ. ಕಬ್ಬಿನ ಟ್ರ್ಯಾಕ್ಟರಿಗೂ ಇದು ಉತ್ತಮ ಸೂತ್ರ. ಭಾರ ಹೆಚ್ಚೆಂಬ ಸಂದೇಹವಿದ್ದರೆ ಇನ್ನೂ ಒಂದು ಗೇರು ಕೆಳಗೆ. ಆದರೆ ಸೂತ್ರವನ್ನು ಚಾಲಕನೊಬ್ಬನ ತಲೆಗೆ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಟ್ರಿಪ್ಪುಗಳನ್ನು ಎಣಿಸುವ, ಡೀಸೆಲನ್ನು ಅಳೆಯುವ ಮಾಲೀಕನು ನಿಧಾನವಾಗಿ ಇಳಿಯಲು ಬೇಕಾದ ಹತ್ತು ನಿಮಿಷಗಳನ್ನೂ ಲೆಕ್ಕದಲ್ಲಿ ಸೇರಿಸಬೇಕು. ಕಾರ್ಖಾನೆಗಳು ಹಂಗಾಮಿನ ಮೊದಲು, ತಮ್ಮಲ್ಲಿಗೆ ಬರುವ ದಾರಿಗಳಲ್ಲಿನ ಪ್ರತಿಯೊಂದು ಇಳಿಜಾರಿನ ತಲೆಯಲ್ಲಿಯೂ ಕೆಳಗಿನ ಗೇರನ್ನು ಹಾಕಿಕೊಳ್ಳಿರೆಂಬ ಫಲಕವನ್ನು ನಿಲ್ಲಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಬ್ರೇಕಿಲ್ಲದ ಟ್ರಾಲಿಗಳಿಗೆ ಬ್ರೇಕು ಹಚ್ಚಿಸುವುದು ಅದಕ್ಕಿಂತ ವೆಚ್ಚದ್ದು, ಆದರೂ ಆಗಬೇಕಾದದ್ದು.

ನಮ್ಮ ಕರ್ತವ್ಯವೂ ಒಂದಿದೆ. ಇಳಿಜಾರು ಸಮತಲವೆಂದರೆ ಹಲಗೆಯ ಮೇಲಿನ ಮರದ ತುಂಡೆಂದು ಕಲಿಸುತ್ತ ಬಂದ ನಾವು, ಕಬ್ಬಿನ ಟ್ರಾಲಿಯನ್ನು ಅದರ ಮೇಲೆ ನಿಲ್ಲಿಸಿ ಕಲಿಸಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಟ್ರ್ಯಾಕ್ಟರುಗಳಿವೆ. ಆ ವಿದ್ಯಾರ್ಥಿಗೆ ನಾವು ಮೇಲಿನ ಲೆಕ್ಕವನ್ನೇ ಮಾಡಿಕೊಟ್ಟು, ಮನೆಯಲ್ಲಿ ಕಾಕಾ ಅವರ ಮುಂದೆ ಓದಿ ತೋರಿಸೆಂದು ಹೇಳಿದೆವು. ಒಂದು ವಾರದ ಮೇಲೆ ಅವನು ಬಂದು, ಕಾಕಾ ಅವರು ನ್ಯೂಟ್ರಲ್ ಬಿಡಲು ಇನ್ನೂ ಒಪ್ಪಿಲ್ಲವೆಂದೂ, ಆದರೆ ಎರಡು ಬ್ರೇಕಿನ ಪೆಡಲುಗಳನ್ನು ಜೋಡಿಸುವ ಕೊಂಡಿಯನ್ನು ಅಂದೇ ಸರಿಮಾಡಿಸಿದರೆಂದೂ ತಿಳಿಸಿದನು. ಹಂಗಾಮು ಮುಗಿಯುವುದರೊಳಗೆ ಉಳಿದರ್ಧವನ್ನೂ ಒಪ್ಪಿಸುವ ಕೆಲಸವನ್ನು ಅವನಿಗೇ ವಹಿಸಿದ್ದೇವೆ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿ ಮಿತ್ರರೂ ತಮ್ಮ ತಮ್ಮ ಮನೆಗಳಲ್ಲಿ ಇದೇ ಲೆಕ್ಕವನ್ನು ಮಾಡಿ ತೋರಿಸಬೇಕೆಂದು ನಮ್ಮ ಕೋರಿಕೆ.