ಹಾಟ್‌ಸ್ಪಾಟ್ ಮನೆಯ ಡೇಟಾ ಲೆಕ್ಕ

ಬೆಂಗಳೂರಿನ ರೂಮಿನಲ್ಲಿ ಫೈಬರ್ ಹಾಕಿಸಿಕೊಂಡಿರೋ ನಮ್ಮಂಥವರಿಗೆ ಡೇಟಾ ಉಳಿಸೋದು ಹಳೇ ಕಾಲದ ಮಾತು ಅನಿಸಬಹುದು. ಕ್ರೋಮ್‌ನಲ್ಲಿದ್ದ ‘ಲೈಟ್ ಮೋಡ್’ ಅನ್ನು ಗೂಗಲ್ 2022ರಲ್ಲಿ ತೆಗೆದಾಗ ಕೊಟ್ಟ ಕಾರಣಗಳಲ್ಲಿ ಒಂದು, ಮೊಬೈಲ್ ಡೇಟಾ ಅಗ್ಗ ಆಗಿದೆ ಅನ್ನೋದು. ಆದರೆ ಊರಿನ ಎಷ್ಟೋ ಮನೆಗಳಲ್ಲಿ ಈಗಲೂ ಒಂದೇ ಫೋನಿನ ಕೋಟಾ ಎಲ್ಲರಿಗೂ ಸಾಕಾಗಬೇಕು.

ದೇವರ ಹಿಪ್ಪರಗಿಯ ನಮ್ಮ ಮನೆಯಲ್ಲೂ ಹಾಗೇ. ಅವ್ವನ ಫೋನಿಗೆ ದಿನಕ್ಕೆ 1.5 ಜಿಬಿ. ಅದರ ಹಾಟ್‌ಸ್ಪಾಟ್ ಮೇಲೆ ತಂಗಿ ಲ್ಯಾಪ್‌ಟಾಪ್‌ನಲ್ಲಿ ಕೆಪಿಎಸ್‌ಸಿ ಪರೀಕ್ಷೆಯ ಕ್ಲಾಸ್ ನೋಡ್ತಾಳೆ. ಕಳೆದ ತಿಂಗಳು ದಿನಾ ಸಂಜೆ ಅವಳ ಫೋನ್: “ಅಣ್ಣಾ, ಮತ್ತ ಡೇಟಾ ಮುಗೀತು. ಕ್ಲಾಸ್ ಅರ್ಧಕ್ಕ ನಿಂತೈತಿ. ಅವ್ವ ನಾ ಏನೂ ನೋಡೇ ಇಲ್ಲ ಅಂತಾಳ.”

ಅವ್ವ ಹೇಳಿದ್ದು ಖರೇನೇ ಇತ್ತು. ದಿನದ ಕೋಟಾ ಮುಗಿದ ಮೇಲೆ ಹೆಚ್ಚಿನ ಪ್ಲ್ಯಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳೀತದೆ. ಅಂದ್ರೆ ತಾಸಿಗೆ ಹೆಚ್ಚೆಂದರೆ 29 ಎಂಬಿ. ಯುಪಿಐ ಹೇಗೋ ಆದೀತು, ಕ್ಲಾಸ್ ಆಗಲ್ಲ.

ಹಾಗಾದರೆ ಡೇಟಾ ತಿಂದವರು ಯಾರು? ಲ್ಯಾಪ್‌ಟಾಪಿನ ಡೇಟಾ ಬಳಕೆಯ ಪಟ್ಟಿ ತೆಗೆಸಿದೆ. ಉತ್ತರ ಅಲ್ಲೇ ಇತ್ತು. ಲ್ಯಾಪ್‌ಟಾಪಿನ ಪಾಲಿಗೆ ಹಾಟ್‌ಸ್ಪಾಟ್ ಕೂಡ ವೈಫೈ. ‘ವೈಫೈ ಸಿಕ್ಕಾಗ ಮಾತ್ರ’ ಅಂತ ಕಾದು ಕೂತಿದ್ದ ಅಪ್‌ಡೇಟ್‌ಗಳು, ಫೋಟೋ ಬ್ಯಾಕಪ್ ಎಲ್ಲಾ ಆಗಲೇ ಶುರುವಾಗ್ತಿದ್ದವು.

ಮೊದಲ ಕೆಲಸ ಇದು. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಹಾಟ್‌ಸ್ಪಾಟ್ ಹಿಡಿಯುವುದು ಇನ್ನೊಂದು ಆಂಡ್ರಾಯ್ಡ್ ಫೋನ್ ಆದರೆ ಅದರಲ್ಲೂ ಇದೇ ಆಯ್ಕೆ ನೋಡಿ. ಕೆಲವು ಫೋನ್‌ಗಳು ತಾವೇ ಗುರುತಿಸ್ತಾವೆ.

ಎರಡನೆಯದು ವಿಡಿಯೋ. ಲೆಕ್ಕ ಸರಳ: ಸೆಕೆಂಡಿಗೆ 1 ಮೆಗಾಬಿಟ್ ಎಳೆಯುವ ವಿಡಿಯೋ ತಾಸಿಗೆ 450 ಎಂಬಿ ಖರ್ಚು ಮಾಡ್ತದೆ. 2 ಮೆಗಾಬಿಟ್ ಆದರೆ 900. ಗುಣಮಟ್ಟವನ್ನು 720ರಿಂದ 360ಕ್ಕೆ ಇಳಿಸಿದರೆ ಚಿತ್ರದ ಚುಕ್ಕಿಗಳು ಕಾಲುಭಾಗ ಆಗ್ತಾವೆ, ಡೇಟಾ ಕೂಡ ಚೆನ್ನಾಗಿ ಇಳೀತದೆ. ಪಾಠ ಕೇಳೋಕೆ 360 ಸಾಕು. ಬೋರ್ಡಿನ ಅಕ್ಷರ ಕಾಣದಿದ್ದಾಗ ಮಾತ್ರ 480ಕ್ಕೆ ಏರಿಸಿ. ‘ಆಟೋ’ದಲ್ಲಿ ಬಿಡಬೇಡಿ; ಸಿಗ್ನಲ್ ಚೆನ್ನಾಗಿದ್ದರೆ ಅದು ತಾನೇ ಮೇಲೇರ್ತದೆ.

ಮೂರನೆಯದು ಹಿರಿಯರ ಫೋನ್. ವಾಟ್ಸಾಪ್‌ನ ‘ಸ್ಟೋರೇಜ್ ಅಂಡ್ ಡೇಟಾ’ದಲ್ಲಿ ಮೊಬೈಲ್ ಡೇಟಾ ಮೇಲೆ ಫೋಟೋ, ವಿಡಿಯೋ ತಾನಾಗೇ ಇಳಿಯೋದನ್ನು ಪೂರ್ತಿ ಬಂದ್ ಮಾಡಿ. ಬೇಕಾದ್ದನ್ನು ಒತ್ತಿ ನೋಡಬಹುದು. ಫೇಸ್‌ಬುಕ್‌ನಲ್ಲಿ ಆಟೋಪ್ಲೇ ನಿಲ್ಲಿಸಿ, ಇನ್‌ಸ್ಟಾಗ್ರಾಂನಲ್ಲಿ ಡೇಟಾ ಸೇವರ್ ಹಾಕಿ. ಅವ್ವನ ಫೋನಿನಲ್ಲಿ ಐದು ಬಳಗದ ಗ್ರೂಪ್ ಇವೆ. ದಿನಾ ಬರುವ ‘ಶುಭೋದಯ’ದ ವಿಡಿಯೋಗಳನ್ನು ಅವಳು ತೆರೆಯೋದೇ ಇಲ್ಲ, ಆದರೂ ಎಲ್ಲಾ ಇಳಿದು ಕೂತಿದ್ದವು.

ಬರೀ ಪುಟ ಓದೋಕೆ ಒಪೆರಾ ಮಿನಿ ಇನ್ನೂ ಉಪಯೋಗಕ್ಕೆ ಬರ್ತದೆ. ಅದು ಪುಟವನ್ನು ತನ್ನ ಸರ್ವರ್‌ನಲ್ಲಿ ಕುಗ್ಗಿಸಿ ಕಳಿಸ್ತದೆ. ಅದಕ್ಕೇ ಬ್ಯಾಂಕ್ ಕೆಲಸಕ್ಕೆ ಮಾತ್ರ ಅದು ಬೇಡ.

ಕೊನೆಯದು ರಾತ್ರಿಯ ಲೆಕ್ಕ. ದಿನದ ಕೋಟಾ ಸಾಮಾನ್ಯವಾಗಿ 12 ಗಂಟೆಗೆ ಹೊಸದಾಗ್ತದೆ, ಉಳಿದದ್ದು ಮರುದಿನಕ್ಕೆ ಸೇರೋದಿಲ್ಲ. ನಳ ಬಂದಾಗ ಕೊಡ ತುಂಬಿಸಿಡೋದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಇದೂ ಅಷ್ಟೇ: ಹನ್ನೊಂದರ ಸುಮಾರಿಗೆ ಎಷ್ಟು ಉಳಿದಿದೆ ನೋಡಿ, ನಾಳೆಯ ಕ್ಲಾಸನ್ನು ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿ ಮಲಗಿ. ತಂಗಿ ಈಗ ಹೀಗೇ ಮಾಡ್ತಾಳೆ. ಕರೆಂಟ್ ಹೋದರೂ, ಟವರ್ ಕೈಕೊಟ್ಟರೂ ಪಾಠ ನಿಲ್ಲಲ್ಲ.

ಮನೆಯಲ್ಲಿ ಡೇಟಾ ಮುಗಿದಾಗ ಬೈಗುಳ ಬೀಳೋದು ಮನುಷ್ಯರಿಗೆ. ಫೋನ್ ತಾನಾಗೇ ಖರ್ಚು ಮಾಡಿದ್ದನ್ನು ಯಾರೂ ಕೇಳೋದಿಲ್ಲ. ಈ ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ, ಮೊದಲು ಡೇಟಾ ಬಳಕೆಯ ಪಟ್ಟಿ ತೆಗೆಸಿ ಮೇಲಿನ ಮೂರು ಹೆಸರು ಓದಿಸಿ. ಆಮೇಲೆ ಬೇಕಾದ್ರೆ ಜಗಳ ಮಾಡ್ರಿ.