ಬೀಗ ಹಾಕೋ ಮುಂಚೆ ನಳ ನೋಡಿ

ಹೋದ ಬೇಸಿಗೆ ನೀರಮಾನ್ವಿ ಮನೆಗೆ ಬೀಗ ಹಾಕಿ ಹದಿನೈದು ದಿನ ಬೆಂಗಳೂರಿಗೆ ಬಂದಿದ್ವಿ. ಹೊರಡೋವಾಗ ನಳ ತಿರುವಿದೆ, ನೀರಿರಲಿಲ್ಲ. ಬಸ್ಸಿನ ಅವಸರದಲ್ಲಿ ಹಾಗೇ ಬಿಟ್ಟೆ. ಮರುದಿನ ಪಕ್ಕದ ಮನೆ ಕಾಕಾ ಫೋನ್ ಮಾಡಿ, "ನಿಮ್ಮ ಮನಿ ಬಾಗಿಲ ಕೆಳಗಿಂದ ನೀರು ಹರಿಯಾಕತ್ತೈತಿ ನೋಡವ್ವಾ" ಅಂದ್ರು. ಕೀಲಿ ನಮ್ಮ ಹತ್ರ. ನಳದ ನೀರು ನಿಲ್ಲೋವರೆಗೂ ಹರೀತು. ಒಂದು ಕೊಡ ನೀರಿಗೆ ಕಾಯೋ ಓಣಿ ಅದು, ನಾಚಿಕೆಯಾಯ್ತು.

ಈಗ ಹೊರಡುವ ಮುಂಚೆ ಬೀದಿ ಪೈಪಿನ ವಾಲ್ವ್, ಮಾಳಿಗೆ ಟ್ಯಾಂಕಿನ ವಾಲ್ವ್ ಎರಡೂ ಬಂದ್. ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಬಿಟ್ಟು, ನಳ ಬಿಗಿಯಾಗಿ ತಿರುವಿ. ಮೋಟರ್, ಗೀಸರ್ ಆಫ್ ಮಾಡಿ.

ಟ್ಯಾಂಕಿನ ಮುಚ್ಚಳ ಭದ್ರ ಮಾಡಿ. ಡ್ರಮ್ಮು ಖಾಲಿ ಮಾಡಿ, ಒಳಗೆ ತಿಕ್ಕಿ, ಬೋರಲು ಹಾಕಿ. ಡೆಂಗಿ ಸೊಳ್ಳೆಯ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತೆ; ನೀರು ಸಿಕ್ಕರೆ 7-10 ದಿನದಲ್ಲಿ ಸೊಳ್ಳೆಯಾಗುತ್ತೆ.

ಬಚ್ಚಲ ಜಾಲರಿಗೆ ಒಂದು ತಂಬಿಗೆ ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ. ಕೆಳಗಿನ ಬಾಗಿದ ಪೈಪಿನಲ್ಲಿ ನಿಂತ ನೀರೇ ಗಟಾರದ ವಾಸನೆ, ಜಿರಳೆ ತಡೆಯೋದು. ನಮ್ಮ ಬಿಸಿಲಿಗೆ ಅದು ಬೇಗ ಆರುತ್ತೆ. ಎಣ್ಣೆ ಇದ್ದರೆ ನಿಧಾನ.

ವಾಪಸ್ ಬಂದಾಗ ನಳದ ಮೊದಲ ಬಕೆಟ್ ನೀರು ಗಿಡಕ್ಕಿರಲಿ, ಕುಡಿಯೋಕೆ ಬೇಡ.

ಬೀದಿ ವಾಲ್ವ್ ಮನೆ ಹೊರಗೇ ಇದೆ. ಎಲ್ಲಿ ಅಂತ ಕಾಕಾಗೂ ತೋರಿಸಿದ್ದೇನೆ.