ನಮ್ಮ ಕೈಗೆ ಡ್ರಮ್ಮು ಯಾಕೆ?

"ಬನ್ನಿ ಮಾರಾಯ್ರೆ, ನಮ್ಮ ಬ್ಯಾಂಡಿಗೆ ಸೇರಿ. ಇಲ್ಲಿ ಜಾತಿ ಗೀತಿ ಎಂಥದೂ ಇಲ್ಲ, ಎಲ್ಲ ಹವ್ಯಾಸಿಗಳೇ" ಎಂದು ಕರೆದರು. ಪುತ್ತೂರಿನಲ್ಲಿ ಓದಿದ, ಸುಳ್ಯ-ಕಡಬ ಕಡೆಯ ಕಾಲನಿಗಳ ನಾವು ನಾಲ್ಕೈದು ಮಂದಿ ಹೋದೆವು. ಬೆಂಚಿನ ಮೇಲೆ ಎರಡು ಟ್ರಂಪೆಟ್ಟು, ಒಂದು ಟ್ರಾಂಬೋನು, ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಮೂಲೆಯಲ್ಲಿ ದೊಡ್ಡ ಡ್ರಮ್ಮು. ನಮ್ಮ ಕೈ ಟ್ರಂಪೆಟ್ಟಿನ ಕಡೆ ಹೋಯಿತು, ಅವರ ಬೆರಳು ಡ್ರಮ್ಮು ತೋರಿಸಿತು. "ನಿಮಗೆ ಅದು ರಕ್ತದಲ್ಲೇ ಉಂಟಲ್ಲ!"

ನಮ್ಮ ರಕ್ತದಲ್ಲಿ ಏನುಂಟೆಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ ಸ್ವಾಮಿ: ರಕ್ತವೇ ಕಡಿಮೆ ಉಂಟು. ತಾಳ ಇದ್ದದ್ದು ರಕ್ತದಲ್ಲಲ್ಲ, ಅಜ್ಜಂದಿರ ಅಂಗೈಯ ದಡ್ಡಿನಲ್ಲಿ. ನೇಮಕ್ಕೆ, ಜಾತ್ರೆಗೆ, ಕಂಬಳಕ್ಕೆ ಕರೆ ಬಂದರೆ "ಬರುವುದಿಲ್ಲ" ಎನ್ನುವ ಬಾಯಿ ಅವರಿಗಿರಲಿಲ್ಲ. ಡೋಲು ಬಡಿದ ಕೊರಗ ಬಂಧುಗಳ ಕಥೆ ಇನ್ನೂ ಕ್ರೂರ. ಕಂಬಳದ ಕೋಣ ಓಡುವ ಮೊದಲು ಅವರನ್ನು ಕೋಣದಂತೆ ಓಡಿಸಿದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದರು. ಇದು ಅಪರಾಧವೆಂದು ಬರೆಯಲು ಸರಕಾರಕ್ಕೆ 2000ದ ಅಜಲು ನಿಷೇಧ ಕಾಯ್ದೆಯ ತನಕ ಹೊತ್ತು ಬೇಕಾಯಿತು! ನಾವು ಬಡಿದಾಗ ಚಾಕರಿ. ಅದೇ ಚರ್ಮ ಅವರ ಮಕ್ಕಳ ಹೆಗಲೇರಿದ ಕೂಡಲೇ ಕಲೆ, ಶಾಲು, ಹಾರ.

ಚರ್ಮವಾದ್ಯದ ಮೇಲೆ ನಮಗೆ ಸಿಟ್ಟಿಲ್ಲ. ಚಳವಳಿಯ ಜಾಥಾಗಳ ಮುಂದೆ ತಮಟೆ ಬಾರಿಸಿಕೊಂಡೇ ನಡೆದವರು ನಮ್ಮವರು. ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕುಣಿದಿದ್ದೇವೆ. ಆದರೆ ಯಾವುದನ್ನು ಹಿಡಿಯಬೇಕು, ಯಾವಾಗ ಕೆಳಗಿಡಬೇಕು ಎಂದು ತೀರ್ಮಾನಿಸುವವರು ನಾವು.

ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ನಾಗಸ್ವರದವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು, ಅದನ್ನೇ ಹಿಡಿದರು. ಬೆಲ್ಜಿಯಂನವನೊಬ್ಬ ಮಾಡಿದ ವಾದ್ಯ ಅವರ ರಕ್ತದಲ್ಲಿತ್ತೇ?

ಹವ್ಯಾಸಿ ಎಂದರೆ ಯಾರು? ತಪ್ಪು ನುಡಿಸಿ, ನಗೆಪಾಟಲಾಗಿ, ಮರುದಿನ ಮತ್ತೆ ಊದುವವನು. ಟ್ರಂಪೆಟ್ಟಿಗೆ ಗುಂಡಿ ಮೂರೇ, ಉಳಿದ ಸ್ವರವನ್ನೆಲ್ಲ ತುಟಿಯೇ ಹುಡುಕಬೇಕು. ಮೊದಮೊದಲು ಎಮ್ಮೆ ಕೂಗಿದ ಹಾಗೆ ಕೇಳುತ್ತದೆ. ಕೇಳಲಿ. ಅಜ್ಜ ಒಂದು ಪೆಟ್ಟು ತಪ್ಪಿದರೆ ಅವನ ಬೆನ್ನಿಗೆ ಪೆಟ್ಟು ಬೀಳುತ್ತಿತ್ತು. ಆ ಅಜ್ಜನ ಮೊಮ್ಮಕ್ಕಳಿಗೆ ಅಪಸ್ವರದ ಹಕ್ಕು ಬೇಕು.

ಇನ್ನು ನಿಜವಾದ ಮಾತು. ಡ್ರಮ್ಮಿಗೆ ತಾಗುವುದು ಕೋಲು, ಟ್ರಂಪೆಟ್ಟಿಗೆ ಬಾಯಿ. ಟ್ರಂಪೆಟ್ಟು ಎರಡೇ, ಕಲಿಯುವವರು ಎಂಟು ಜನ. ನಾವು ಊದಿದ್ದನ್ನು ಅವರು ಊದಬೇಕು. ಅಲ್ಲಿ ಉಂಟು ಸಂಗತಿ! "ಆರೋಗ್ಯದ ದೃಷ್ಟಿಯಿಂದ" ಎಂದರು ಒಬ್ಬರು. ಸರಿ, ಬಾಯಿಗಿಡುವ ತುಂಡು ಕಳಚಿ ಬರುತ್ತದೆ, ಎಂಟು ಜನರಿಗೂ ಎಂಟು ತನ್ನಿ. ನಿಮ್ಮನಿಮ್ಮೊಳಗೆ ಒಂದೇ ತುಂಡು, ನಮಗೆ ಮಾತ್ರ ಆರೋಗ್ಯದ ದೃಷ್ಟಿ ಎಂದರೆ, ಅದು ಯಾವ ದೃಷ್ಟಿ?

ಮಾಷ್ಟ್ರುಗಳೇ, ನಿಮ್ಮಲ್ಲೂ ಒಂದು ಮಾತು. ಆಗಸ್ಟ್ 15ಕ್ಕೆ ನಿಮ್ಮ ಶಾಲೆಯ ಬ್ಯಾಂಡು ಹೊರಡುವಾಗ ಕಾಲನಿಯ ಹುಡುಗನ ಹೆಗಲಿಗೆ ಏನು ನೇತುಹಾಕಿದ್ದೀರಿ, ಒಮ್ಮೆ ತಿರುಗಿ ನೋಡಿ.

ನಾವು ಬ್ಯಾಂಡು ಬಿಟ್ಟಿಲ್ಲ. ಈ ಭಾನುವಾರವೂ ಹೋಗುತ್ತೇವೆ, ಬೆಂಚಿನ ಮೇಲಿನ ಟ್ರಂಪೆಟ್ಟು ಎತ್ತುತ್ತೇವೆ. ಡ್ರಮ್ಮು ಅಲ್ಲೇ ಮೂಲೆಯಲ್ಲಿ ಉಂಟು. ಕರೆದವರ ಮಗ ಕಲಿಯಲಿ.